ಟ್ರೇಲರ್ ಕೊಳ್ಳುವ ಮುಂಚೆ ಕಾರಿನ ಬಾಗಿಲು ತೆಗೆದು ನೋಡಿ

ಕಾರ್ಮೆಲ್ ವ್ಯಾಲಿಯಿಂದ ಮಾತಾಡುತ್ತಿದ್ದೇನೆ. ಮಾಂಟೆರೆ ಕಡೆ ಇದೇ ಹೆಸರಿನ ಇನ್ನೊಂದು ಊರಿದೆ, ಅಲ್ಲಿ ದ್ರಾಕ್ಷಿತೋಟಗಳಿವೆ. ನಮ್ಮದು ಸ್ಯಾನ್ ಡಿಯೇಗೊ ನಗರದ ಒಳಗಿನದು, ನಮ್ಮಲ್ಲಿರುವುದು ಎಚ್‌ಒಎ. ಈ ವ್ಯತ್ಯಾಸ ಯಾಕೆ ಹೇಳಿದೆ ಅನ್ನುವುದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಇವತ್ತಿನ ವಿಷಯ ಟ್ರಾವೆಲ್ ಟ್ರೇಲರ್. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ, ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇರುವ ಗಾಡಿಮನೆ. ಮನೆಯಲ್ಲಿ ಇದರ ಮಾತು ಎತ್ತುವವರು ಸಾಮಾನ್ಯವಾಗಿ ನೀವೇ, ಎಳೆಯರು. ಯೂಟ್ಯೂಬಿನಲ್ಲಿ ಯಾರೋ ಗಂಡ ಹೆಂಡತಿ ಯೂಟಾ ಮರುಭೂಮಿಯಲ್ಲಿ ಬಾಗಿಲು ತೆಗೆದು ಕಾಫಿ ಕುಡಿಯುವುದನ್ನು ನೋಡಿ "ಅಪ್ಪಾ, ನಾವೂ ಒಂದು ತಗೊಳೋಣ" ಅನ್ನುತ್ತೀರಿ. ಅಪ್ಪ ಬೆಲೆ ನೋಡಿ "ಹೋಟೆಲ್ಲೇ ಸಾಕು ಬಿಡು" ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಐದು ವರ್ಷದಿಂದ 23 ಅಡಿಯ ಒಂದು ಟ್ರೇಲರ್ ಇದೆ, ಹೊಸದನ್ನೇ ಕೊಂಡದ್ದು. ಅದನ್ನು ಓಡಿಸುವವಳು ನಾನು. ಹಾಗಾಗಿ ಆ ನಿಂತುಹೋದ ಮಾತನ್ನು ಇನ್ನೂ ಸ್ವಲ್ಪ ಮುಂದಕ್ಕೆ ಎಳೆಯೋಣ ಅಂತ ಬಂದಿದ್ದೇನೆ.

ನಾವಿರುವ ಈ ಸೀಮೆಗೂ ಟ್ರೇಲರಿಗೂ ಹಳೆಯ ನಂಟಿದೆ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ದಾಟಿದರಲ್ಲ, ಆ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಿಮಾನ ತಯಾರಾದದ್ದು ನಮ್ಮ ಸ್ಯಾನ್ ಡಿಯೇಗೊದ ರಯಾನ್ ಕಾರ್ಖಾನೆಯಲ್ಲಿ. ಅಲ್ಲಿ ಮೇಲ್ವಿಚಾರಕರಾಗಿದ್ದ ಹಾಲಿ ಬೌಲಸ್ ಅನ್ನುವವರು 1934ರಲ್ಲಿ ವಿಮಾನದ ಮೈ ಕಟ್ಟುವ ರೀತಿಯಲ್ಲೇ ಅಲ್ಯೂಮಿನಿಯಂ ತಗಡಿಗೆ ರಿವೆಟ್ ಹೊಡೆದು 'ರೋಡ್ ಚೀಫ್' ಎಂಬ ಟ್ರೇಲರ್ ಕಟ್ಟಿದರು. ಅದು ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಫರ್ನ್ಯಾಂಡೊದಲ್ಲಿ. ಅದರ ಮಾರಾಟದಲ್ಲಿದ್ದ ವಾಲಿ ಬೈಯಮ್ 1936ರಲ್ಲಿ ಅದೇ ರೂಪವನ್ನು ಹಿಡಿದು ಏರ್‌ಸ್ಟ್ರೀಮ್ ಕ್ಲಿಪ್ಪರ್ ತಂದರು. ಫ್ರೀವೇಯಲ್ಲಿ ಬೆಳ್ಳಿ ಚೊಂಬಿನ ಹಾಗೆ ಹೊಳೆಯುತ್ತಾ ಹೋಗುವ ಗಾಡಿ ನೋಡಿರುತ್ತೀರಿ, ಅದೇ. ಈಗ ಅದು ಒಹಾಯೊದಲ್ಲಿ ತಯಾರಾಗುತ್ತದೆ, ಉಳಿದ ಬಹುಪಾಲು ಟ್ರೇಲರುಗಳು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ. ವಿಮಾನ ಕಟ್ಟುವವರೇ ಈ ಕೆಲಸಕ್ಕೆ ಕೈ ಹಾಕಿದ್ದಕ್ಕೆ ಅರ್ಥವಿದೆ. ಎಳೆಯುವ ಗಾಡಿಗೆ ತೂಕವೇ ಶತ್ರು. ಆ ವಿಷಯಕ್ಕೆ ಬರುತ್ತೇನೆ, ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ.

ನಮ್ಮಂಥ ಮನೆಗಳಿಗೆ ಟ್ರೇಲರಿನಿಂದ ಆಗುವ ಉಪಕಾರವೇ ಬೇರೆ. ಊರಿಂದ ಅಜ್ಜ ಅಜ್ಜಿ ಆರು ತಿಂಗಳಿಗೆಂದು ಬರುತ್ತಾರೆ. ನೀವು ಶಾಲೆಗೆ, ಅಪ್ಪ ಅಮ್ಮ ಕೆಲಸಕ್ಕೆ, ಅವರು ಹಗಲೆಲ್ಲ ಕಿಟಕಿಗೆ. ರಜೆ ಬಂತು, ಎಲ್ಲಿಗಾದರೂ ಕರೆದುಕೊಂಡು ಹೋಗೋಣ ಅಂದರೆ ಎರಡು ತೊಡಕು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಊಟ. ಇನ್ನೊಂದು ಶೌಚಾಲಯ. ಸಕ್ಕರೆ ಕಾಯಿಲೆ ಇರುವವರಿಗೆ ಮುಂದಿನ ರೆಸ್ಟ್ ಏರಿಯಾ ನಲವತ್ತು ಮೈಲಿ ಅಂದರೆ ಅದು ಪ್ರವಾಸವಲ್ಲ, ಶಿಕ್ಷೆ. ಅಜ್ಜಿ "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೊಂಡಿರ್ತೀನಿ" ಅನ್ನುತ್ತಾರಲ್ಲ, ಅದು ಮನೆಯ ಮೇಲಿನ ಪ್ರೀತಿಯಿಂದ ಅಲ್ಲ ಮಕ್ಕಳೇ.

ಟ್ರೇಲರಿನಲ್ಲಿ ಈ ಎರಡೂ ತೊಡಕು ಇಲ್ಲ. ದಾರಿಯಲ್ಲಿ ಎಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಕ್ಕಿತೋ ಅಲ್ಲಿ ನಮ್ಮದೇ ಬಚ್ಚಲು, ನಮ್ಮದೇ ಒಲೆ. ನಮ್ಮತ್ತೆಗೆ ಎಪ್ಪತ್ತೆರಡು, ಮಂಡಿನೋವು ಬೇರೆ. ಮೂರು ವರ್ಷದ ಹಿಂದೆ ಡಿಸೆಂಬರಿನಲ್ಲಿ ಅವರನ್ನು ಆನ್ಜಾ ಬೊರೇಗೊ ಮರುಭೂಮಿ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಕ್ಯಾಲಿಫೋರ್ನಿಯಾದ ಅತಿ ದೊಡ್ಡ ಸ್ಟೇಟ್ ಪಾರ್ಕ್ ಅದು, ಆರು ಲಕ್ಷ ಎಕರೆಗೂ ಹೆಚ್ಚು. ಪಕ್ಕದ ಬೊರೇಗೊ ಸ್ಪ್ರಿಂಗ್ಸ್ ಊರಿನವರು ರಾತ್ರಿ ಆಕಾಶ ಕಾಣಲಿ ಅಂತ ದೀಪಗಳನ್ನೇ ತಗ್ಗಿಸಿಕೊಂಡಿದ್ದಾರೆ, 2009ರಿಂದ ಅದಕ್ಕೆ 'ಡಾರ್ಕ್ ಸ್ಕೈ' ಊರೆಂಬ ಮಾನ್ಯತೆ ಇದೆ. ರಾತ್ರಿ ಕುರ್ಚಿ ಹಾಕಿ ಕೂರಿಸಿದೆವು. ಅತ್ತೆ ಸುಮ್ಮನೆ ನೋಡಿ ನೋಡಿ, ಆಮೇಲೆ ನನ್ನ ಮಗಳಿಗೆ "ಅಗೋ ಕೃತ್ತಿಕೆ, ಗೊಂಚಲು ಥರ ಇದೆ ನೋಡು. ಅದರ ಹಿಂದೆ ಕೆಂಪಗಿರೋದು ರೋಹಿಣಿ" ಅಂತ ಶುರು ಮಾಡಿದರು. ಯಾವ ನಕ್ಷತ್ರ ಎಲ್ಲಿಗೆ ಬಂದರೆ ಎಷ್ಟು ಹೊತ್ತು ಅಂತ ಹಾಸನದ ಹತ್ತಿರದ ಅವರ ಹಳ್ಳಿಯಲ್ಲಿ ಲೆಕ್ಕ ಹಾಕುತ್ತಿದ್ದರಂತೆ. ಕರೆಂಟು ಬಂದ ಮೇಲೆ ಆಕಾಶ ನೋಡಿದ್ದೇ ಇಲ್ಲ ಅಂದರು. ಮಾರನೆಯ ಬೆಳಿಗ್ಗೆ ಟ್ರೇಲರಿನ ಮೆಟ್ಟಿಲ ಮುಂದೆ ಮರಳು ಸರಿಸಿ ಪುಟ್ಟ ರಂಗೋಲಿ. ಪಕ್ಕದ ಸೈಟಿನ ಅಮೆರಿಕನ್ ಅಜ್ಜಿ ಬಂದು ಅರ್ಧ ಗಂಟೆ ನಿಂತರು. ಇಬ್ಬರಿಗೂ ಭಾಷೆ ಬರದು, ಅದಕ್ಕೇನೂ ಅಡ್ಡಿಯಾಗಲಿಲ್ಲ.

ಈಗ ತೊಡಕಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮಾರುವವರು ಇದನ್ನು ಬೇಗ ದಾಟಿಬಿಡುತ್ತಾರೆ.

ಓಡುತ್ತಿರುವ ಟ್ರಾವೆಲ್ ಟ್ರೇಲರಿನ ಒಳಗೆ ಕ್ಯಾಲಿಫೋರ್ನಿಯಾದಲ್ಲಿ ಯಾರೂ ಕೂರುವ ಹಾಗಿಲ್ಲ. ಅಜ್ಜಿ ಹಿಂದೆ ಮಂಚದ ಮೇಲೆ ಮಲಗಿಕೊಂಡು ಬರಲಿ ಅನ್ನುವ ಹಾಗಿಲ್ಲ. ಎಲ್ಲರೂ ಕಾರಿನಲ್ಲೇ. ಏಳು ಸೀಟಿನ ಎಸ್‌ಯುವಿ ಇದೆ, ನಾವು ಆರು ಜನ, ಸರಿಹೋಯಿತಲ್ಲ ಅನ್ನಿಸುತ್ತದೆ. ಮಾರುವವರು ಹೇಳುವುದು ಒಂದೇ ಅಂಕಿ: "ನಿಮ್ಮ ಗಾಡಿ 7,000 ಪೌಂಡ್ ಎಳೆಯುತ್ತೆ, ಈ ಟ್ರೇಲರ್ 5,000 ಪೌಂಡ್. ಧಾರಾಳ." ಈ ಮಾತಿನಲ್ಲಿ ಎರಡು ವಿಷಯ ಬಿಟ್ಟುಹೋಗಿವೆ.

ಮೊದಲನೆಯದು, ಆ 5,000 ಖಾಲಿ ಗಾಡಿಯ ತೂಕ. ನೀರು ತುಂಬಿ. ಒಂದು ಗ್ಯಾಲನ್ ನೀರು 8.3 ಪೌಂಡ್, 40 ಗ್ಯಾಲನ್ ಅಂದರೆ 330 ಪೌಂಡ್ ಆಯಿತು. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ, ಕುರ್ಚಿ, ಕುಕ್ಕರ್, ಇಡ್ಲಿ ಪಾತ್ರೆ, ಸೋನಾ ಮಸೂರಿ ಅಕ್ಕಿ. ಕ್ಯಾಂಪ್‌ಗ್ರೌಂಡಿಗೆ ಬರುವ ಬೇರೆಯವರು ಹಾಟ್‌ಡಾಗ್ ತರುತ್ತಾರೆ, ನಾವು ಅಡುಗೆಮನೆಯನ್ನೇ ತರುತ್ತೇವೆ. 6,000 ಪೌಂಡ್ ಆಗುವುದು ಕಷ್ಟವೇನಲ್ಲ.

ಎರಡನೆಯದು ಇನ್ನೂ ಮುಖ್ಯ. ಇದನ್ನು ನನಗೆ ಚೆನ್ನಾಗಿ ಅರ್ಥ ಮಾಡಿಸಿದವರು ಡೀಲರ್ ಅಲ್ಲ, ನಮ್ಮ ಮಾವ. ಟ್ರೇಲರನ್ನು ಮೊದಲ ಸಲ ನೋಡಿದಾಗ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಕಮಾನುಗಾಡಿ ಕಣಮ್ಮ. ಎತ್ತು ಒಂದು ಬೇರೆ, ಅಷ್ಟೇ" ಅಂದರು. ಎತ್ತಿನಗಾಡಿಯಲ್ಲಿ ಮುಂದಕ್ಕೆ ಚಾಚಿದ ಮರಕ್ಕೆ ಮೂಕಿ ಅನ್ನುತ್ತಾರೆ, ಅದರ ತುದಿಗೆ ನೊಗ. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ, ಗಾಡಿ ಹಿಡಿತಕ್ಕೆ ಸಿಗುವುದಿಲ್ಲ. ಅದು ಹಿಂಭಾರ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲ ಮೇಲೆ ಭಾರ ಕುಳಿತು ಅದು ನಡೆಯಲಾರದು. ಅದು ಮುಂಭಾರ. ಗಾಡಿ ಹೇರುವವನ ಜಾಣತನ ಇರುವುದು ಈ ಎರಡರ ನಡುವೆ. ಟ್ರೇಲರಿಗೂ ಇದೇ ನ್ಯಾಯ. ಅದರ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹಿಚ್‌ನ ಮೇಲೆ, ಅಂದರೆ ನಮ್ಮ ಕಾರಿನ ಹೆಗಲ ಮೇಲೆ ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಫ್ರೀವೇಯಲ್ಲಿ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ, ಕಾರನ್ನೂ ಅಲ್ಲಾಡಿಸುತ್ತದೆ.

ಹಾಗಾದರೆ ಕಾರಿನ ಹೆಗಲು ಎಷ್ಟು ಹೊರುತ್ತದೆ? ಈ ಮಾತು ಕೇಳಿ ಮುಗಿದ ಮೇಲೆ ಗರಾಜಿಗೆ ಹೋಗಿ ಡ್ರೈವರ್ ಬಾಗಿಲು ತೆಗೆದು ನೋಡಿ. ಬಾಗಿಲ ಚೌಕಟ್ಟಿನಲ್ಲಿ ಹಳದಿ ಪಟ್ಟಿಯ ಒಂದು ಸ್ಟಿಕ್ಕರ್ ಇದೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. 1,400 ಅಂತ ಇದೆ ಅಂದುಕೊಳ್ಳಿ. ಅಜ್ಜಿ 130, ಅಜ್ಜ 150, ಅಪ್ಪ 180, ಅಮ್ಮ 140, ನೀವು 140, ತಮ್ಮ 90. ಒಟ್ಟು 830. ಟ್ರೇಲರ್ 6,000 ಪೌಂಡ್ ಆದರೆ ಅದರ ನೂರಕ್ಕೆ 12 ಪಾಲು 720. ಅಲ್ಲಿಗೆ 1,550. ಹಿಚ್‌ನ ಕಬ್ಬಿಣದ ತೂಕ, ಡಿಕ್ಕಿಯಲ್ಲಿರುವ ಬ್ಯಾಗು ಇನ್ನೂ ಸೇರಿಲ್ಲ. ಆಗಲೇ 150 ಪೌಂಡ್ ಹೆಚ್ಚಾಗಿದೆ. ಕಂಪನಿಯವರ ಆ 7,000 ಪೌಂಡಿನ ಅಂಕಿ ಬಹುಮಟ್ಟಿಗೆ ಡ್ರೈವರ್ ಮತ್ತು ಜೊತೆಗೊಬ್ಬರು ಮಾತ್ರ ಇದ್ದಾರೆ ಎಂಬ ಲೆಕ್ಕದ್ದು.

ನೋಡಿ ಎಂಥ ತಮಾಷೆ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಲಿ ಅಂತಲೇ ಟ್ರೇಲರ್ ತಂದಿರುತ್ತೇವೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತರೆ ಕಾರು ಅದನ್ನು ಎಳೆಯಲಾರದು. ನಾವು ಎರಡು ಗಾಡಿಯಲ್ಲಿ ಹೋಗುತ್ತೇವೆ. ಟ್ರೇಲರ್ ಕಟ್ಟಿದ ಟ್ರಕ್ಕಿನಲ್ಲಿ ನಾನು ಮತ್ತು ಮಕ್ಕಳು, ಹಿಂದೆ ಕಾರಿನಲ್ಲಿ ನನ್ನ ಗಂಡ, ಅತ್ತೆ, ಮಾವ. ಎರಡು ಗಾಡಿಯ ಪೆಟ್ರೋಲ್. ಇದನ್ನು ಯಾವ ಬ್ರೋಷರಿನಲ್ಲೂ ಚಿತ್ರ ಹಾಕಿ ತೋರಿಸುವುದಿಲ್ಲ. ನಮ್ಮವರ ಮನೆಯಲ್ಲಿ ಸಾಮಾನ್ಯವಾಗಿರುವ ಟೊಯೋಟಾ ಸಿಯೆನ್ನಾ ಎಳೆಯುವುದು 3,500 ಪೌಂಡ್, ಟೆಸ್ಲಾ ಮಾಡೆಲ್ ವೈ ಕೂಡ ಅಷ್ಟೇ. ಆರು ಜನ ಮಲಗುವ ಟ್ರೇಲರ್ ಅಷ್ಟರಲ್ಲಿ ಸಿಗುವುದು ಅಪರೂಪ. ಎಲೆಕ್ಟ್ರಿಕ್ ಕಾರಿಗೆ ಟ್ರೇಲರ್ ಕಟ್ಟಿದರೆ ಒಂದು ಚಾರ್ಜಿಗೆ ಹೋಗುವ ದೂರ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆದ್ದರಿಂದ ಅನೇಕ ಮನೆಗಳಲ್ಲಿ ಟ್ರೇಲರ್ ಕೊಳ್ಳುವುದು ಅಂದರೆ ಟ್ರಕ್ ಕೊಳ್ಳುವುದೂ ಹೌದು.

ಓಡಿಸುವುದು ಅಂಥ ಬ್ರಹ್ಮವಿದ್ಯೆಯಲ್ಲ. 10,000 ಪೌಂಡಿನೊಳಗಿನ ಟ್ರಾವೆಲ್ ಟ್ರೇಲರಿಗೆ ನಮ್ಮ ಮಾಮೂಲಿ ಲೈಸೆನ್ಸ್ ಸಾಕು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರ ವೇಗದ ಮಿತಿ ಗಂಟೆಗೆ 55 ಮೈಲಿ, ಬಲಗಡೆಯ ಲೇನುಗಳಲ್ಲೇ ಇರಬೇಕು. ಪಕ್ಕದಲ್ಲಿ ಜಗತ್ತೆಲ್ಲ 75ರಲ್ಲಿ ಹೋಗುತ್ತಿರುತ್ತದೆ, ಇರಲಿ. ಸಾಂಟಾ ಆನಾ ಗಾಳಿ ಬೀಸುವ ದಿನ ಹೊರಡಬೇಡಿ. ಇಂಟರ್‌ಸ್ಟೇಟ್ 8ರಲ್ಲಿ ಪೂರ್ವದ ಬೆಟ್ಟಗಳಿಂದ ಮರುಭೂಮಿಗೆ ಇಳಿಯುವ ಕಡೆ ಗಾಳಿಯ ಎಚ್ಚರಿಕೆ ಕಂಡರೆ ಅದು ನಿಮಗೇ ಬರೆದದ್ದು. ಟ್ರೇಲರ್ ಓಲಾಡಲು ಶುರುವಾದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಹೋಗಬಾರದು. ಆಕ್ಸಿಲರೇಟರ್ ಸಡಿಲ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು. ಎತ್ತನ್ನು ತಡೆದರೆ ಗಾಡಿ ಬಂದು ಎತ್ತಿಗೇ ಗುದ್ದುತ್ತದೆ ಅಂತ ಮಾವ ಇದಕ್ಕೂ ಒಂದು ಮಾತು ಇಟ್ಟುಕೊಂಡಿದ್ದಾರೆ.

ಇನ್ನು ಎಚ್‌ಒಎ ವಿಷಯ. ಕಾರ್ಮೆಲ್ ವ್ಯಾಲಿ ಅನ್ನುವುದು ಯೋಜನೆ ಹಾಕಿ ಕಟ್ಟಿದ ಬಡಾವಣೆಗಳ ಸಮೂಹ. ಹೆಚ್ಚಿನ ಕಡೆ ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುವುದಿಲ್ಲ. ಹಾಗಾದರೆ ಬೀದಿಯಲ್ಲಿ? ಸ್ಯಾನ್ ಡಿಯೇಗೊ ನಗರದ ಕಾನೂನಿನ ಪ್ರಕಾರ ರಾತ್ರಿ 2ರಿಂದ ಬೆಳಿಗ್ಗೆ 6ರವರೆಗೆ ಟ್ರೇಲರ್, ಮೋಟಾರ್‌ಹೋಮ್, ಹಾಗೆಯೇ 27 ಅಡಿಗಿಂತ ಉದ್ದ ಮತ್ತು 7 ಅಡಿಗಿಂತ ಎತ್ತರವಾದ ವಾಹನಗಳನ್ನು ಪರವಾನಗಿ ಇಲ್ಲದೆ ಬೀದಿಯಲ್ಲಿ ಬಿಡುವಂತಿಲ್ಲ. ಹೊರಡುವ ಹಿಂದಿನ ದಿನ ಸಾಮಾನು ತುಂಬಲು ತಾತ್ಕಾಲಿಕ ಪರವಾನಗಿ ತೆಗೆದುಕೊಳ್ಳಬಹುದು, ಅಷ್ಟೇ. ಉಳಿದ ದಿನವೆಲ್ಲ ಅದು ಬಾಡಿಗೆ ಜಾಗದಲ್ಲಿರಬೇಕು. ನಮ್ಮದು ಎಸ್ಕಾಂಡಿಡೊ ಕಡೆ ಇದೆ, ತಿಂಗಳಿಗೆ 190 ಡಾಲರ್, ವರ್ಷಕ್ಕೆ 2,280. ಕಳೆದ ವರ್ಷ ನಾವು ಅದರಲ್ಲಿ ಮಲಗಿದ್ದು 24 ರಾತ್ರಿ. ಭಾಗಿಸಿದರೆ ಒಂದು ರಾತ್ರಿಗೆ 95 ಡಾಲರ್, ಅದು ಬರೀ ನಿಲ್ಲಿಸಿದ್ದಕ್ಕೆ. ಸಾಲದ ಕಂತು, ವಿಮೆ, ಕ್ಯಾಂಪ್‌ಸೈಟ್ ಬಾಡಿಗೆ ಬೇರೆ. ಹೋಟೆಲಿಗಿಂತ ಅಗ್ಗ ಅಂತ ಯಾರಾದರೂ ಹೇಳಿದರೆ ಅವರ ಮನೆ ಹಿಂದೆ ಖಾಲಿ ಜಾಗ ಇದೆ ಅಂತ ಅರ್ಥ.

24 ರಾತ್ರಿ ಅನ್ನುವುದು ನಮ್ಮ ಮಟ್ಟಿಗೆ ಒಳ್ಳೆಯ ಲೆಕ್ಕವೇ. ನಿಮ್ಮ ಮನೆಯ ಕ್ಯಾಲೆಂಡರ್ ತೆಗೆದು ನೋಡಿ. ಸಾಕರ್, ಭರತನಾಟ್ಯ, ಎಸ್‌ಎಟಿ, ಭಾನುವಾರದ ಕನ್ನಡ ತರಗತಿ, ಯುಗಾದಿ, ರಾಜ್ಯೋತ್ಸವ, ಯಾರದೋ ಗೃಹಪ್ರವೇಶ. ಎರಡು ವರ್ಷಕ್ಕೊಮ್ಮೆ ಬೇಸಿಗೆ ರಜೆ ಪೂರ್ತಿ ಬೆಂಗಳೂರಿಗೆ. ಖಾಲಿ ಉಳಿಯುವ ವಾರಾಂತ್ಯಗಳನ್ನು ಬೆರಳಲ್ಲಿ ಎಣಿಸಬಹುದು. ಆ ಖಾಲಿ ವಾರಾಂತ್ಯಕ್ಕೆ ಸಮುದ್ರದ ದಂಡೆಯ ಜಾಗ ಬೇಕೆಂದರೆ ಆರು ತಿಂಗಳ ಮುಂಚೆ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ಮುಂದೆ ಕೂರಬೇಕು. ಸ್ಟೇಟ್ ಪಾರ್ಕುಗಳ ಬುಕಿಂಗ್ ತೆರೆಯುವುದು ಆಗ. ಸೌತ್ ಕಾರ್ಲ್ಸ್‌ಬ್ಯಾಡ್, ಸ್ಯಾನ್ ಎಲಿಹೊ, ಇವೆರಡೂ ನಮಗೆ ಇಲ್ಲೇ ಪಕ್ಕದಲ್ಲಿವೆ, ಬೇಸಿಗೆಯ ಶನಿವಾರ ಭಾನುವಾರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತವೆ.

ಇದರ ಜೊತೆಗೆ ಇನ್ನೊಂದು ಲೆಕ್ಕ ಇದೆ, ಅದನ್ನು ನಿಮ್ಮ ಅಪ್ಪ ಅಮ್ಮ ನಿಮ್ಮೆದುರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಟ್ರೇಲರಿನ ಸಾಲ ಹತ್ತು, ಹದಿನೈದು ವರ್ಷದ್ದು ಇರುತ್ತದೆ. ನಿಮಗೆ ಹದಿನಾಲ್ಕು ಅಂದರೆ ಕಾಲೇಜಿಗೆ ಹೋಗುವ ಮುಂಚೆ ನಿಮಗೆ ಉಳಿದಿರುವುದು ನಾಲ್ಕು ಬೇಸಿಗೆ. ಅದರಲ್ಲಿ ಒಂದೋ ಎರಡೋ ಊರಿಗೆ. ಅಜ್ಜ ಅಜ್ಜಿ ಹದಿನಾರು ಗಂಟೆ ವಿಮಾನದಲ್ಲಿ ಕೂತು ಬರಬಲ್ಲ ವರ್ಷಗಳು ಇನ್ನೆಷ್ಟು ಅನ್ನುವುದು ಯಾರಿಗೂ ಗೊತ್ತಿಲ್ಲ. ಈ ಎರಡೂ ಕೂಡುವ ಕಿಟಕಿ ಬಹಳ ಚಿಕ್ಕದು. ಕೊಳ್ಳಬೇಕು ಅನ್ನುವವರು ಇದೇ ಕಾರಣ ಕೊಡುತ್ತಾರೆ, ಬೇಡ ಅನ್ನುವವರೂ ಇದೇ ಕಾರಣ ಕೊಡುತ್ತಾರೆ. ನನ್ನ ದೊಡ್ಡ ಮಗಳು ಹೋದ ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಹೋದಳು. ಟ್ರೇಲರಿನಲ್ಲಿ ಅವಳ ಮೇಲಿನ ಮಂಚದ ಮೇಲೆ ಈಗ ಮಡಿಸುವ ಕುರ್ಚಿಗಳಿವೆ. ಸಾಲ ಇನ್ನೂ ಏಳು ವರ್ಷ ಇದೆ.

ಒಳಗಿನ ಸಂಸಾರದ ಬಗ್ಗೆ ನಾಲ್ಕು ಮಾತು. ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ, ಕ್ಯಾಂಪ್‌ಗ್ರೌಂಡಿಗೆಲ್ಲ ನಿಮ್ಮ ಮನೆಯಲ್ಲಿ ಇವತ್ತು ಸಾರು ಅಂತ ಗೊತ್ತಾಗುತ್ತದೆ. ಇಂಗಿನ ವಾಸನೆ ಸೋಫಾ ಸ್ಪಂಜಿಗೆ ಹತ್ತಿದರೆ ವರ್ಷಗಟ್ಟಲೆ ಹೋಗುವುದಿಲ್ಲ. ಒಗ್ಗರಣೆಗೆ ಹೊರಗೆ ಒಂದು ಪುಟ್ಟ ಒಲೆ ಇಟ್ಟುಕೊಳ್ಳಿ. ಗಾಡಿಗೆ ಬರುವ ಕರೆಂಟು 30 ಆಂಪ್, ಅಂದರೆ 3,600 ವಾಟ್. ಏಸಿ ಓಡುತ್ತಿರುವಾಗ ಮೈಕ್ರೊವೇವ್ ಹಾಕಿ, ಜೊತೆಗೆ ಇನ್‌ಸ್ಟಂಟ್ ಪಾಟ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಬಳಸಿದ ನೀರು ಒಂದು ತೊಟ್ಟಿಗೆ, ಶೌಚದ್ದು ಇನ್ನೊಂದು ತೊಟ್ಟಿಗೆ. ಅಕ್ಕಿ ಎರಡು ಸಲ ತೊಳೆದು, ಪಾತ್ರೆ ಹರಿಯುವ ನೀರಿನಲ್ಲಿ ಉಜ್ಜುವ ನಮ್ಮ ಪದ್ಧತಿಗೆ ಮೊದಲನೆಯ ತೊಟ್ಟಿ ಎರಡೇ ದಿನಕ್ಕೆ ತುಂಬುತ್ತದೆ. ಎರಡನೆಯದಕ್ಕೆ ಮಾತ್ರ ನೀರು ಧಾರಾಳವಾಗಿ ಬೇಕು, ಇಲ್ಲದಿದ್ದರೆ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಚೊಂಬು ಹಿಡಿದು ಹೋಗುವ ನಮ್ಮ ಹಿರಿಯರು ಈ ವಿಷಯದಲ್ಲಿ ತಜ್ಞರು. ಹೊರಡುವ ದಿನ ಅದನ್ನು ಡಂಪ್ ಸ್ಟೇಷನ್ನಿನಲ್ಲಿ ಖಾಲಿ ಮಾಡುವ ಕೆಲಸ ಮನೆಯ ಎಳೆಯರಿಗೆ ಬೀಳುತ್ತದೆ. ಹಠ ಮಾಡಿ ಕೊಡಿಸಿಕೊಂಡವರಿಗಂತೂ ಖಂಡಿತ.

ಹೊಸದೋ ಹಳೆಯದೋ? ಹೊಸ ಕಾರಿನ ಹಾಗೆ ಹೊಸ ಟ್ರೇಲರಿನಲ್ಲೂ ಮೊದಲ ವರ್ಷವೇ ಬೆಲೆ ಹೆಚ್ಚು ಇಳಿಯುತ್ತದೆ. ಹೊಸ ಕಾರಿನ ಹಾಗೆ ಅದರಲ್ಲಿ ದೋಷ ಇರುವುದಿಲ್ಲ ಅಂದುಕೊಂಡರೆ ಮಾತ್ರ ಕಷ್ಟ. ಇದು ಬಹುಪಾಲು ಕೈಯಲ್ಲೇ, ಬೇಗ ಬೇಗ ಜೋಡಿಸುವ ಗಾಡಿ. ನಮ್ಮದರಲ್ಲಿ ಸಿಂಕಿನ ಕೆಳಗಿನ ಪೈಪು ಮೊದಲ ದಿನವೇ ಸೋರಿತು. ರಿಪೇರಿಗೆ ಬಿಟ್ಟು ಬೇಸಿಗೆಯ ಐದು ವಾರ ಕಾದೆವು. ಕಾಗದಕ್ಕೆ ಸಹಿ ಹಾಕುವ ಮುಂಚೆ ತೊಟ್ಟಿ ತುಂಬಿಸಿ, ಪ್ರತಿ ನಲ್ಲಿ ತಿರುಗಿಸಿ, ಮೇಲೆ ಹೋಸ್‌ಪೈಪಿನಲ್ಲಿ ನೀರು ಹೊಡೆಸಿ, ಟಾರ್ಚ್ ಹಿಡಿದು ಮೂಲೆ ಮೂಲೆ ನೋಡಿ. ಟ್ರೇಲರನ್ನು ಕೊಲ್ಲುವುದು ಮಳೆನೀರು. ಛಾವಣಿಯ ಸಂದಿಗಳ ಅಂಟು ಒಣಗಿ ಬಿರುಕು ಬಿಟ್ಟರೆ ಒಳಗಿನ ಮರ ಸದ್ದಿಲ್ಲದೆ ಕೊಳೆಯುತ್ತದೆ. ವರ್ಷಕ್ಕೆ ಎರಡು ಸಲವಾದರೂ ಏಣಿ ಹತ್ತಿ ನೋಡಬೇಕು. ಟೈರು ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ, 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷವಾದರೆ ಚೆನ್ನಾಗಿ ಕಂಡರೂ ಬದಲಾಯಿಸಿ.

ನನ್ನನ್ನು ಕೇಳಿದರೆ, ಮೊದಲ ವರ್ಷ ಕೊಳ್ಳಲೇಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಔಟ್‌ಡೋರ್ಸಿ, ಆರ್‌ವಿಶೇರ್ ಥರದವುಗಳಲ್ಲಿ ಮನೆಮಾಲೀಕರೇ ತಮ್ಮ ಟ್ರೇಲರ್ ಬಾಡಿಗೆಗೆ ಕೊಡುತ್ತಾರೆ. ಅವರಲ್ಲಿ ಕೆಲವರು ತಾವೇ ಎಳೆದು ತಂದು, ನೀವು ಬುಕ್ ಮಾಡಿದ ಸೈಟಿನಲ್ಲಿ ಮಟ್ಟಸವಾಗಿ ನಿಲ್ಲಿಸಿ, ನೀರು ಕರೆಂಟು ಜೋಡಿಸಿ ಕೊಟ್ಟು ಹೋಗುತ್ತಾರೆ. ಬೇರೆಯವರು ತಂದು ನಿಲ್ಲಿಸುವ ಬಾಡಿಗೆ ಗಾಡಿಗೆ ಒಪ್ಪಿಗೆ ಇದೆಯೋ ಇಲ್ಲವೋ ಅಂತ ಮಾತ್ರ ಆ ಪಾರ್ಕಿನವರನ್ನು ಮೊದಲೇ ಕೇಳಿಕೊಳ್ಳಿ. ನೀವು ಸಿಯೆನ್ನಾದಲ್ಲಿ ಆರು ಜನ ಆರಾಮವಾಗಿ ಹೋಗಿ ಇಳಿದರಾಯಿತು. ಟ್ರಕ್ ಬೇಡ, ಎಚ್‌ಒಎ ಬೇಡ, ಟೈರಿನ ವಯಸ್ಸು ಬೇಡ. ಎರಡು ಸಲ ಹೀಗೆ ಹೋಗಿಬಂದ ಮೇಲೆ ಅಜ್ಜಿ "ಮತ್ತೆ ಯಾವಾಗ?" ಅಂತ ಕೇಳುತ್ತಾರೋ, "ನೀವು ಹೋಗ್ಬನ್ನಿ" ಅನ್ನುತ್ತಾರೋ ನೋಡಿ.

ಮುಂದಿನ ಚಳಿಗಾಲಕ್ಕೆ ಹಿರಿಯರು ಬರುವವರಿದ್ದರೆ ಬೊರೇಗೊ ಪಾಮ್ ಕ್ಯಾನ್ಯನ್ ಕ್ಯಾಂಪ್‌ಗ್ರೌಂಡ್ ನೋಡಿ. ನೀರು, ಕರೆಂಟು, ಒಳಚರಂಡಿ ಮೂರೂ ಇರುವ ಸೈಟುಗಳು ಅಲ್ಲಿವೆ. ಬೇಸಿಗೆಯಲ್ಲಿ ಮಾತ್ರ ಬೇಡ, ಬಿಸಿಲು ನೂರು ಡಿಗ್ರಿ ಮೀರುತ್ತದೆ. ನೆಲ ಮರಳು, ಮಂಡಿ ನೋವಿರುವವರಿಗೆ ಊರುಗೋಲು ಜೊತೆಗಿರಲಿ. ಅಮಾವಾಸ್ಯೆಯ ಹತ್ತಿರದ ವಾರಾಂತ್ಯ ಹುಡುಕಿ, ಅಲ್ಲಿಂದ ಆರು ತಿಂಗಳು ಹಿಂದಕ್ಕೆ ಎಣಿಸಿ, ಬೆಳಿಗ್ಗೆ ಎಂಟಕ್ಕೆ ಅಲಾರಂ ಇಟ್ಟುಕೊಳ್ಳಿ.